ಕವಡೆಕಣ್ಣಿಯ ಸಕ್ಕರೆ ಅಚ್ಚು

ಎಪ್ಪತ್ತೆಂಟರ ಸಂಕ್ರಾಂತಿಯ ಹಿಂದಿನ ದಿನ, ಕಸ್ತೂರಿರಂಗ ಮೇಷ್ಟ್ರು ಮದ್ದೂರಿನಿಂದ ಮೊದಲ ಬಸ್ಸಿಗೇ ಮಂಡ್ಯಕ್ಕೆ ಬಂದು ಪಂಕಜಮ್ಮನವರ ಜಗಲಿಯ ಮೇಲೆ ಕುಸಿದು ಕುಳಿತರು. ಪಂಕಜಮ್ಮನವರು ನಿವೃತ್ತ ವಿಜ್ಞಾನ ಶಿಕ್ಷಕಿ. ಪೊಲೀಸರಿಗೆ ಬಗೆಹರಿಯದ್ದು ನಮ್ಮ ಬೀದಿಯಲ್ಲಿ ಅವರ ಬಳಿಗೆ ಬರುತ್ತಿತ್ತು. ಪಕ್ಕದ ಮನೆಯ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದೆ. ರಜೆಯಲ್ಲಿ ಅವರ ಜೊತೆ ತಿರುಗುತ್ತಿದ್ದೆ.

"ಮೊದಲು ನೀರು ಕೊಡಿ. ನಿನ್ನೆಯಿಂದ ಬಾಯಿ ಒಣಗ್ತಿದೆ," ಎಂದು ಮೇಷ್ಟ್ರು ಎರಡು ಲೋಟ ಕುಡಿದರು. "ಶಿವನಂಜಮ್ಮನ್ನ ಉಳಿಸಿ ಪಂಕಜಮ್ಮ. ಮಧ್ಯಾಹ್ನ ಪೊಲೀಸರು ಹಿಡಿದುಕೊಂಡು ಹೋಗ್ತಾರೆ."

ಮೇಷ್ಟ್ರು ಒಂದು ಆಟ ಕಟ್ಟಿದ್ದರು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವಾಗಿ ಕವಡೆ ಹಾಕುತ್ತ ಕತೆ ಮುಂದುವರಿಸಬೇಕು. ನಾಲೆಯ ಯಕ್ಷಿ ಕವಡೆಕಣ್ಣಿಯ ಪಾತ್ರ ಮೇಷ್ಟ್ರದೇ.

"ಯಾವ ರೂಪ ಬೇಕಾದರೂ ತಾಳ್ತಾಳೆ, ದಾರಿಯನ್ನೇ ಕದೀತಾಳೆ. ಹಾಗೇ ಬಿಟ್ಟರೆ ಆಟ ಸತ್ತುಹೋಗುತ್ತೆ. ಅದಕ್ಕೊಂದು ಕಟ್ಟು ಹಾಕಿದೆ: ಏನನ್ನೂ ಬಯಸದೆ ಉಡುಗೊರೆ ಕೊಟ್ಟವನ ಮುಂದೆ ಅವಳ ಮಾಯೆ ನಡೆಯಲ್ಲ. ಇದು ನನಗೆ, ನನ್ನ ಹಳೇ ಶಿಷ್ಯ ಸಿದ್ದರಾಮುಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳ ಮರದ ಅಚ್ಚು ಕೆತ್ತಿದವನೂ ಅವನೇ."

ಆಟದ ಕಾಯಿಗಳೆಲ್ಲ ಸಕ್ಕರೆಯವು. ಹಬ್ಬಕ್ಕೆ ಅಚ್ಚು ಹುಯ್ದು ಮಾರುವ ಶಿವನಂಜಮ್ಮ ಒಂದೇ ಪಾಕದಲ್ಲಿ ಮಾಡಿಕೊಟ್ಟಿದ್ದಳು. ಗೆದ್ದವನು ಕವಡೆಕಣ್ಣಿಯ ಗೊಂಬೆಯನ್ನು ತಿನ್ನಬೇಕು. ಹಿಂದಿನ ಸಂಜೆ ಸಿದ್ದರಾಮು ಯಕ್ಷಿಯೊಡನೆ ಚೌಕಾಸಿ ಮಾಡಿ ಸೋತ. ಅವನ ಗೆಳೆಯ ಮರಿಸಿದ್ದಯ್ಯ ಮೊದಲ ಸರದಿಯಲ್ಲೇ ಏನನ್ನೂ ಕೇಳದೆ ಹೂ ಕೊಟ್ಟು ಗೆದ್ದು, ಅವಳನ್ನು ಸೊಂಟದವರೆಗೆ ತಿಂದ. ಸ್ವಲ್ಪ ಹೊತ್ತಿಗೆ ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸತೊಡಗಿದ. ಕಣ್ಣಿನ ಪಾಪೆ ಹಿಗ್ಗಿತ್ತು. ರಾತ್ರಿಯೇ ಆಸ್ಪತ್ರೆಗೆ ಸೇರಿಸಿದ್ದರು.

"ಉಮ್ಮತ್ತಿ ಬೀಜದ ವಿಷ," ಎಂದೆ ನಾನು.

"ಬೇರೆಯವರು ತಿಂದರಾ?" ಎಂದರು ಪಂಕಜಮ್ಮ.

"ನನಗೊಂದು ಚೂರು ಕೊಟ್ಟ, ತಿಂದೆ. ಸಿದ್ದರಾಮು ಹಲ್ಲುನೋವು ಅಂತ ಬೇಡ ಅಂದ."

ಮದ್ದೂರಿನ ಮೇಷ್ಟ್ರ ಮನೆಯಲ್ಲಿ ಸಬ್ ಇನ್ಸ್‌ಪೆಕ್ಟರು ಆಗಲೇ ಕಾದಿದ್ದರು. ಬಾಗಿಲಲ್ಲಿ ಬೀದಿಯ ಹೆಂಗಸರು. ಮರಿಸಿದ್ದಯ್ಯನ ತಾಯಿ ಪಟ್ಟಲಮ್ಮ ಶಿವನಂಜಮ್ಮನ ಮೇಲೆ ಕೂಗಾಡುತ್ತಿದ್ದಳು.

"ನನ್ ಮಗ ಏನ್ ಮಾಡಿದ್ನೇ ನಿಂಗೆ? ಇಸ ಆಕ್‌ಬುಟ್ಯಲ್ಲೇ!"

"ಇಲ್ಲ ಕಣಕ್ಕ, ದೇವ್ರಾಣೆ. ಇನ್ಮೇಕೆ ನನ್ ಅಚ್ಚು ಯಾರು ತಕ್ಕತಾರೆ? ನಾ ಏನ್ ತಿನ್ಲಿ?"

ಮೇಜಿನ ಬಳಿ ಸಿದ್ದರಾಮು. "ಪಾಕದಲ್ಲೇ ಬೆರೆಸವ್ಳೆ ಸಾರ್. ಬರೋ ಸೋಮವಾರ ನಂಗೂ ಮರಿಸಿದ್ದಯ್ಯಂಗೂ ಒಂದೇ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಈಗ ನಾನೊಬ್ನೇ ಹೋಗ್ಬೇಕು, ಪಾಪ," ಎನ್ನುತ್ತ ತಟ್ಟೆಯಲ್ಲಿ ಉಳಿದಿದ್ದ ಸಕ್ಕರೆಯ ಗಿಳಿಯೊಂದನ್ನು ಎತ್ತಿ ಕಟಕಟನೆ ಕಡಿದ.

ಪಂಕಜಮ್ಮ ಯಕ್ಷಿಯ ಉಳಿದ ಅರ್ಧವನ್ನು ಬೆಳಕಿಗೆ ಹಿಡಿದರು. ಅಂಚೆಲ್ಲ ಕಿತ್ತುಹೋಗಿತ್ತು, ಮೈಮೇಲೆ ಮರದ ಸಿಬಿರು. ಆನೆ, ಗಿಳಿ ನುಣುಪಾಗಿದ್ದವು. ಎಲ್ಲರನ್ನೂ ಕೂರಲು ಹೇಳಿದರು.

"ಮರದ ಅಚ್ಚನ್ನು ನೀರಲ್ಲಿ ನೆನೆಸದೆ ಪಾಕ ಹುಯ್ದರೆ ಸಕ್ಕರೆ ಕಚ್ಚಿಕೊಳ್ಳುತ್ತೆ. ಹಬ್ಬ ಮಾಡುವ ಯಾವ ಹೆಂಗಸೂ ಅದನ್ನು ಮರೆಯಲ್ಲ. ಇದನ್ನು ಹುಯ್ದವನಿಗೆ ಮರ ಗೊತ್ತು, ಪಾಕ ಗೊತ್ತಿಲ್ಲ. ಅಂದರೆ ಶಿವನಂಜಮ್ಮನ ಗೊಂಬೆ ತೆಗೆದು ಇದನ್ನಿಟ್ಟಿದ್ದಾರೆ."

ಸಿದ್ದರಾಮು ನಕ್ಕ. "ಅಚ್ಚು ಮೇಷ್ಟ್ರ ಮನೇಲೂ ಇರ್ತಿತ್ತು."

"ಇರ್ತಿತ್ತು. ಆದರೆ ಮೇಷ್ಟ್ರು ಚೂರು ತಿಂದು ಬಾಯಿ ಒಣಗಿಸಿಕೊಂಡಿದ್ದಾರೆ. ವಿಷ ಇಟ್ಟವರು ತಿನ್ನಲ್ಲ. ಗೆಲ್ಲುವ ಗುಟ್ಟು ಗೊತ್ತಿದ್ದ ಇನ್ನೊಬ್ಬ ನೀನು. ಗೊತ್ತಿದ್ದೂ ಸೋತೆ, ಯಾಕಪ್ಪ? ಬಹುಮಾನ ನಿನಗೆ ಬೇಡವಾಗಿತ್ತು. ಮೊದಲ ಸರದಿಯಲ್ಲೇ ಗೆದ್ದ ಮರಿಸಿದ್ದಯ್ಯನ ಕಿವಿಗೆ ಗುಟ್ಟು ಊದಿದವನೂ ನೀನೇ."

"ಊಹೆ ಮಾಡ್ತಿದ್ದೀರಿ!"

"ಹಲ್ಲುನೋವು ಹೇಗಿದೆ?"

ಅವನ ದವಡೆ ನಿಂತುಹೋಯಿತು.

"ಪಾಕವೇ ವಿಷ ಅಂದ ಬಾಯಲ್ಲೇ ಅದೇ ಪಾಕದ ಗಿಳಿ ಕಡಿದೆ. ಅದರಲ್ಲಿ ಏನೂ ಇಲ್ಲ ಅಂತ ಈ ಮನೆಯಲ್ಲಿ ಅಷ್ಟು ಧೈರ್ಯವಾಗಿ ಗೊತ್ತಿದ್ದದ್ದು ನಿನಗೊಬ್ಬನಿಗೇ."

ಸಿದ್ದರಾಮು ಗೋಡೆಗೆ ಒರಗಿದ. "ಸೋಮವಾರ ದಾಟೋವರ್ಗೂ ಮಂಕಾಗಿರ್ಲಿ ಅಂತ ಅಷ್ಟೇ... ಸಾಯಿಸ್ಬೇಕು ಅಂತಿರ್ಲಿಲ್ಲ."

ಪೊಲೀಸರು ಅವನನ್ನು ಕರೆದೊಯ್ದ ಮೇಲೂ ಬಾಗಿಲಲ್ಲಿದ್ದ ಹೆಂಗಸರು ಒಳಗೆ ಬರಲಿಲ್ಲ. ಶಿವನಂಜಮ್ಮ ಮಾರಲೆಂದು ತಂದಿದ್ದ ಬುಟ್ಟಿಯನ್ನು ಎತ್ತಿಕೊಂಡಳು. ಇನ್ನು ಯಾರೂ ಕೊಳ್ಳುವುದಿಲ್ಲವೆಂದು ಆ ಮುಖಗಳಲ್ಲೇ ಅವಳಿಗೆ ಕಂಡಿತ್ತು.

ಪಟ್ಟಲಮ್ಮ ಅವಳ ದಾರಿಗೆ ಅಡ್ಡ ಬಂದು ಸೆರಗೊಡ್ಡಿದಳು.

"ಎಲ್ಗೆ ಓಯ್ತೀಯ? ಆಕವ್ವ ಇಲ್ಲಿ, ಆನೆ ಒಂದು, ಗಿಳಿ ಒಂದು. ನಾಳೀಕೆ ನನ್ ಮಗ ಎದ್ದು ಕುಂತ್ರೆ ಅವನ ಕೈಗೇ ಕೊಡ್ಬೇಕು."

ಶಿವನಂಜಮ್ಮ ಬುಟ್ಟಿ ಇಳಿಸಿ ಆನೆ, ಗಿಳಿ ಎರಡನ್ನೂ ಸೆರಗಿಗೆ ಹಾಕಿದಳು. ಪಟ್ಟಲಮ್ಮ ಗಿಳಿಯ ಬಾಲ ಮುರಿದು, ಬೀದಿಯೆಲ್ಲ ನೋಡುವಂತೆ, ತನ್ನ ಬಾಯಿಗೆ ಹಾಕಿಕೊಂಡಳು.