ಆರತಿ ಹಿಡಿದವಳ ಕಣ್ಣು

1961ನೇ ಇಸವಿ ನವೆಂಬರ್ 27, ಸೋಮವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ದುರ್ಗಿಗುಡಿಯ ವೀರಮ್ಮನವರು ಶಿವಮೊಗ್ಗದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ವಯಸ್ಸು ಅರವತ್ತಮೂರು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವರ ಹಿಂದೆಯೇ ಬಟ್ಟೆ ವ್ಯಾಪಾರದ ಮಗ ಷಡಕ್ಷರಪ್ಪ, ಪರಿಚಯದವರು ಯಾರಾದರೂ ನೋಡಿಬಿಟ್ಟರೇನೋ ಎಂದು ರಸ್ತೆಯ ಕಡೆ ಕಣ್ಣು ಹಾಯಿಸುತ್ತ ಬಂದರು.

ಇನ್ಸ್‌ಪೆಕ್ಟರ್ ಶಿವಯೋಗಪ್ಪ ಕುರ್ಚಿ ತೋರಿಸಿದರು.

"ಹೇಳಿ ಅಮ್ಮಾ."

"ನಮ್ಮ ದೇವರ ಮನೆ ಪಟ ಕಳುವಾಗಿದೆ."

"ಯಾವಾಗ?"

"ಇವತ್ತು ಪೂಜೆಗೆ ಕೂತಾಗ ಗೊತ್ತಾಯ್ತು."

"ಗೋಡೆ ಖಾಲಿ ಇತ್ತಾ?"

"ಇಲ್ಲ. ಪಟ ಅಲ್ಲೇ ಇದೆ. ಆದ್ರೆ ಅದು ನಮ್ಮದಲ್ಲ."

ದೂರು ಬರೆದುಕೊಳ್ಳುತ್ತಿದ್ದ ದಫೇದಾರ್ ಮಾರಪ್ಪ ಲೇಖನಿ ಎತ್ತಿ ಸಾಹೇಬರ ಮುಖ ನೋಡಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವನು ಕೋಳಿಯಿಂದ ಹಿಡಿದು ಕಂಚಿನ ಗಂಟೆಯವರೆಗೆ ಬಗೆಬಗೆಯ ಕಳವು ಬರೆದಿದ್ದ. ಇದ್ದಲ್ಲೇ ಇರುವ ಮಾಲಿನ ಕಳವು ಇದೇ ಮೊದಲು.

ಷಡಕ್ಷರಪ್ಪ ಮುಂದೆ ಬಂದರು. "ತಪ್ಪು ತಿಳ್ಕೋಬೇಡಿ ಸಾರ್. ಅಮ್ಮನಿಗೆ ವಯಸ್ಸಾಯ್ತು. ಪಟ ಇದ್ದ ಹಾಗೇ ಇದೆ. ಇನ್ನು ಹತ್ತು ದಿನಕ್ಕೆ ನನ್ನ ಮಗಳು ಮೀರಾಳ ಮದುವೆ. ಅಜ್ಜಿಗೆ ತಲೆ ಸರಿ ಇಲ್ಲ ಅಂತ ಬೀಗರ ಕಿವಿಗೆ ಬಿದ್ರೆ ಕಷ್ಟ."

"ಕೇಳಿದ್ರಾ?" ಎಂದರು ವೀರಮ್ಮ. "ಬೆಳಗ್ಗೆಯಿಂದ ಇವನೇ ನನ್ನ ಹುಚ್ಚಿ ಮಾಡಿದಾನೆ. ದೇವರ ಮನೆ ಬೀಗದ ಕೈ ಕಸ್ಕೊಂಡಿದಾನೆ. ನಮ್ಮ ಪಟ ಸಿಕ್ಕದಿದ್ರೆ ಸಾಯೋ ತನಕ ನಾನು ಆ ಮನೇಲಿ ಹುಚ್ಚೀನೇ."

ಶಿವಯೋಗಪ್ಪ ಟೋಪಿ ಎತ್ತಿಕೊಂಡರು.

ಸ್ಥಳ ಪಂಚನಾಮೆ ಹನ್ನೊಂದೂ ಹತ್ತಕ್ಕೆ ಆರಂಭವಾಯಿತು. ಎರಡಡಿ ಅಗಲದ ಗಿರಿಜಾಕಲ್ಯಾಣದ ಪಟ. ನಡುವೆ ಶಿವ, ಪಾರ್ವತಿ. ಸುತ್ತ ಮದುವೆಗೆ ನೆರೆದ ದೇವತೆಗಳು, ಋಷಿಗಳು, ಹೆಂಗಸರು. ಒಡವೆಗಳಿಗೆಲ್ಲ ಉಬ್ಬಿಸಿ ಅಂಟಿಸಿದ ಚಿನ್ನದ ರೇಕು. ಹಿಂದೆ ಇರುವವರ ಮುಖಗಳು ಹೆಬ್ಬೆರಳಿನ ಉಗುರಿಗಿಂತ ದೊಡ್ಡವಲ್ಲ. ಗಾಜಿನ ಮೇಲೆ ವರ್ಷಗಟ್ಟಲೆಯ ದೀಪದ ಹೊಗೆ ಮಬ್ಬಾಗಿ ಕೂತಿತ್ತು.

"ಏನು ವ್ಯತ್ಯಾಸ ಅಮ್ಮಾ?"

ವೀರಮ್ಮ ಎಡಬದಿಯ ಹೆಂಗಸರ ಗುಂಪಿಗೆ ಬೆರಳು ತೋರಿಸಿದರು. "ಆರತಿ ತಟ್ಟೆ ಹಿಡಿದಿದಾಳಲ್ಲ, ಇವಳು. ಇವಳು ನನ್ನ ನೋಡ್ತಿಲ್ಲ."

ಮಗ ತಲೆಯ ಮೇಲೆ ಕೈ ಹೊತ್ತರು. ಶಿವಯೋಗಪ್ಪ ಪಟ ಇಳಿಸಿ ತಿರುಗಿಸಿದರು. ಕಟ್ಟಿನ ಹಿಂದಿನ ಮೊಳೆಗಳ ತಲೆ ಮೇಲೆ ಹೊಸ ಸುತ್ತಿಗೆಯ ಹೊಳಪಿತ್ತು.

"ಇದನ್ನ ಯಾರು ಬಿಚ್ಚಿದ್ರು?"

"ಫೋಟೋದ ಹಾಲಸ್ವಾಮಿ ಹೋದ ವರ್ಷ ಬಿಚ್ಚಿದ್ರು ಸಾರ್," ಎಂದರು ಷಡಕ್ಷರಪ್ಪ. "ಊರಿನ ಮನೆಮನೇಲಿರೋ ಹಳೇ ಚಿತ್ರ ಎಲ್ಲ ಹತ್ತಿರದಿಂದ ಫೋಟೋ ತೆಗೀಬೇಕು ಅನ್ನೋ ಹುಚ್ಚು ಅವರಿಗೆ. ಗಾಜು ತೆಗೆದು ಎರಡು ದಿನ ಕೂತಿದ್ರು."

"ವರ್ಷ ಕಳೆದ ಮೊಳೆ ಇಷ್ಟು ಹೊಳೆಯಲ್ಲ. ಆಮೇಲೆ ಈ ಕೋಣೆಗೆ ಹೊರಗಿನವರು ಯಾರು ಬಂದ್ರು?"

ಉತ್ತರ ಕೊಟ್ಟವರು ಸೊಸೆ ದಾಕ್ಷಾಯಣಿ. "ಮದುವೆಗಂತ ಮನೆಗೆ ಬಣ್ಣ ಹೊಡೆಸಿದ್ವಿ. ಭದ್ರಾವತಿ ಪೇಂಟರು. ನಾಲ್ಕು ಭಾನುವಾರ ಬಂದ್ರು. ನಿನ್ನೆ ಮಧ್ಯಾಹ್ನ ಮುಗೀತು."

"ದೇವರ ಮನೇಲಿ ಒಬ್ಬನೇ ಇದ್ನಾ?"

"ನಿನ್ನೆ ಎರಡು ಗಂಟೆ ಇದ್ರು. ಬಾಗಿಲ ಬಣ್ಣ ಹಸಿ ಇದೆ, ಯಾರೂ ಬರಬೇಡಿ ಅಂದ್ರು. ಒಳ್ಳೇ ಮನುಷ್ಯ ಸಾರ್. ಬೆಳಗ್ಗೆ ಬಂದವರೇ ಬಾವಿ ಕಟ್ಟೆ ಹತ್ರ ತಣ್ಣೀರು ಹುಯ್ಕೊಂಡು, ಒದ್ದೆ ಪಂಚೇಲೇ ಒಳಗೆ ಹೋದ್ರು. ತಿಂಡಿ ಕೊಟ್ರೂ ಬೇಡ ಅಂದ್ರು."

"ಹೆಸರು?"

"ಚೌಡಪ್ಪ ಅಂತ. ಕರ್ಕೊಂಡು ಬಂದು ಬಿಟ್ಟವರೂ ಆ ಹಾಲಸ್ವಾಮಿನೇ."

ಮಧ್ಯಾಹ್ನ ಎರಡು ಗಂಟೆಗೆ ಗೋಡೆಯ ಪಟವನ್ನು ಚೀಲದಲ್ಲಿ ಸುತ್ತಿಕೊಂಡು ಶಿವಯೋಗಪ್ಪ, ಮಾರಪ್ಪ ಇಬ್ಬರೂ ಹಾಲಸ್ವಾಮಿಯ ಸ್ಟುಡಿಯೋಗೆ ಹೋದರು. ಹಾಲಸ್ವಾಮಿ ಗಾಬರಿ ಬಿದ್ದು ಮೊದಲು ಕುರ್ಚಿ ಒರೆಸಿದರು, ಆಮೇಲೆ ಹಣೆ ಒರೆಸಿಕೊಂಡರು. ಹೋದ ವರ್ಷ ತೆಗೆದ ಆ ಪಟದ ಇಪ್ಪತ್ತನಾಲ್ಕು ಫೋಟೋಗಳನ್ನು ತಂದು ಚಾಪೆಯ ಮೇಲೆ ಒಂದೊಂದಾಗಿ ಹರಡಿದರು.

ಶಿವಯೋಗಪ್ಪ ಮಂಡಿಯೂರಿ ಕೂತರು. ಕೂತವರಿಗೆ ಏಳುವ ಮನಸ್ಸಾಗಲಿಲ್ಲ. ಉಗುರಿನಷ್ಟಿದ್ದ ಮುಖ ಇಲ್ಲಿ ಅಂಗೈಯಷ್ಟು ದೊಡ್ಡದಾಗಿತ್ತು. ಅಷ್ಟು ಹಿಗ್ಗಿದರೂ ಒಂದು ಗೆರೆಯೂ ಒರಟಾಗಿರಲಿಲ್ಲ. ಮುದಿ ಋಷಿಯೊಬ್ಬನ ಗಡ್ಡದಲ್ಲಿ ಒಂದೊಂದು ಕೂದಲೂ ಬೇರೆ ಬೇರೆ. ನಂದಿಯ ಮೂಗಿನ ಮೇಲೆ ಬೆವರ ಹನಿ. ಆರತಿ ಹಿಡಿದ ಹೆಂಗಸಿನ ಕೆನ್ನೆಗೆ ಕೆಳಗಿನಿಂದ ದೀಪದ ಬೆಳಕು ಬಿದ್ದಿತ್ತು. ಅವಳ ಎರಡೂ ಕಣ್ಣುಗಳಲ್ಲಿ ಸಾಸಿವೆಯಷ್ಟೂ ಇಲ್ಲದ ಎರಡು ದೀಪ. ಬರಿಗಣ್ಣಿಗೆ ಕಾಣದ ಈ ದೀಪಗಳನ್ನು ಯಾರು ನೋಡಲಿ ಎಂದು ಆ ಚಿತ್ರಗಾರ ಬರೆದ? ಮಾರಪ್ಪ ತಾನೇ ಚಪ್ಪಲಿ ಬಿಟ್ಟು ಬಂದು ಕೂತ.

"ಅಯ್ಯೋ ಮಾರಾಯ," ಎಂದ ಅವನು, ಯಾರಿಗೆ ಎಂದಿಲ್ಲದೆ.

ಪಟದ ಗಾಜು ತೆಗೆದು ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದರು. ಅದೇ ಗಡ್ಡ, ಅದೇ ಬೆವರ ಹನಿ. ಫೋಟೋದಲ್ಲಿ ಪಾರ್ವತಿಯ ಸೆರಗಿನ ಮೇಲೆ ಕೂದಲೆಳೆಯಂಥ ಬಿರುಕೊಂದಿತ್ತು. ಪಟದಲ್ಲೂ ಇತ್ತು. ಶಿವಯೋಗಪ್ಪ ಅದರ ಮೇಲೆ ಉಗುರು ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ.

"ಬಿರುಕನ್ನೂ ಕುಂಚದಲ್ಲಿ ಬರೆದಿದಾನೆ!" ಎಂದರು. ಕಳ್ಳನೊಬ್ಬನ ವಿಷಯದಲ್ಲಿ ಅವರಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ, ಹಾಗಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಮುಖ ಎಣಿಸಿದರು. ಮೂವತ್ತೆರಡು. ಮೂವತ್ತೊಂದಕ್ಕೆ ಕಣ್ಣಿತ್ತು. ಆರತಿ ಹಿಡಿದವಳ ರೆಪ್ಪೆಗಳ ನಡುವೆ ಬರೀ ಬಿಳಿ. ಮಬ್ಬು ಗಾಜಿನ ಹಿಂದೆ ಇದನ್ನು ಕಂಡದ್ದು ಇಡೀ ಮನೆಯಲ್ಲಿ ಒಬ್ಬರೇ.

"ವೀರಮ್ಮನವರ ತಲೆ ನಮ್ಮೆಲ್ಲರಿಗಿಂತ ಸರಿ ಇದೆ. ಬರ್ಕೊ ಮಾರಪ್ಪ," ಎಂದು ಶಿವಯೋಗಪ್ಪ ಹಾಲಸ್ವಾಮಿಯ ಕಡೆ ತಿರುಗಿದರು. "ಇಷ್ಟೆಲ್ಲ ಬರೆದವನು ಇದನ್ನ ಯಾಕೆ ಬಿಟ್ಟ?"

"ಸಮಯ ಸಾಲದೆ ಇರಬಹುದು ಸಾರ್."

"ಮನೇಲಿ ತಿಂಗಳುಗಟ್ಟಲೆ ಕೂತು ಬರೆದವನಿಗೆ ಎರಡು ಚುಕ್ಕೆಗೆ ಸಮಯ ಇಲ್ವಾ?"

"ಕಣ್ಣು ಮನೇಲಿ ಬರೆಯಲ್ಲ ಸಾರ್," ಎಂದರು ಹಾಲಸ್ವಾಮಿ. "ಹಳೇ ಚಿತ್ರಗಾರರ ಪದ್ಧತಿ ಅದು. ನಾನು ಫೋಟೋ ತೆಗೆಯೋಕೆ ಹೋದ ಮನೆಗಳಲ್ಲೆಲ್ಲ ಕೇಳಿದೀನಿ. ದೇವರ ಪಟ ಪೂರ್ತಿ ಮಾಡ್ತಾರೆ, ಕಣ್ಣು ಮಾತ್ರ ಬಿಡ್ತಾರೆ. ಪಟ ಯಾವ ಮನೇಲಿ ಇರುತ್ತೋ ಆ ಮನೇಲೇ ಕೂತು ಕಣ್ಣು ಬಿಡಿಸ್ಬೇಕು. ಉಪವಾಸ ಇದ್ದು, ಸ್ನಾನ ಮಾಡಿ, ಒದ್ದೆ ಬಟ್ಟೇಲಿ."

ಮಾರಪ್ಪ ಬರೆಯುವುದನ್ನು ನಿಲ್ಲಿಸಿದ. ಬಣ್ಣ ಬಳಿಯುವವರು ಕೆಲಸ ಮುಗಿದ ಮೇಲೆ ಮೈ ತೊಳೆಯುತ್ತಾರೆ. ಈ ಮನುಷ್ಯ ಕೆಲಸಕ್ಕೆ ಮುಂಚೆ ತೊಳೆದಿದ್ದ, ಹೊಟ್ಟೆಗೂ ಏನೂ ತಿಂದಿರಲಿಲ್ಲ. ಬೇರೆ ಯಾವ ಮೋಸಗಾರನಾದರೂ ಮನೆಯಲ್ಲೇ ಕಣ್ಣು ಬರೆದು ತಂದು, ಐದು ನಿಮಿಷದಲ್ಲಿ ಪಟ ಬದಲಿಸಿ ಹೋಗುತ್ತಿದ್ದ. ಕದಿಯುವಾಗಲೂ ಪದ್ಧತಿ ಬಿಡದೆ ಎರಡು ಗಂಟೆ ಕೂತವನು ಚಿತ್ರಗಾರರ ಮನೆಯವನೇ ಆಗಿರಬೇಕು.

"ಚೌಡಪ್ಪ ನಿಮಗೆ ಹೇಗೆ ಗೊತ್ತು?"

"ಹೋದ ವರ್ಷ ದಸರಾ ಪ್ರದರ್ಶನದಲ್ಲಿ ಈ ಫೋಟೋ ಇಟ್ಟಿದ್ದೆ. ಒಬ್ಬ ಮನುಷ್ಯ ಬಂದು ಈ ಆರತಿ ಹೆಂಗಸಿನ ಫೋಟೋ ಮುಂದೆ ನಿಂತ. ಬಾಗಿಲು ಹಾಕೋ ತನಕ ನಿಂತಿದ್ದ ಸಾರ್. ಆಮೇಲೆ ಇಪ್ಪತ್ತನಾಲ್ಕೂ ಬೇಕು ಅಂದ. ಆ ಮನೇಲಿ ಬಣ್ಣದ ಕೆಲಸ ಬಂದ್ರೆ ತನಗೇ ಹೇಳಿ ಅಂತ ಕಾಲು ಹಿಡಿಯೋದೊಂದು ಬಾಕಿ. ಕಾರ್ಖಾನೇಲಿ ಯಂತ್ರಗಳ ಮೇಲೆ ನಂಬರ್ ಬರೆಯೋ ಕೆಲಸ ಅವನದು."

ಸಂಜೆ ನಾಲ್ಕಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ದಂಡ ಸಂಹಿತೆ 380, ವಾಸದ ಮನೆಯಲ್ಲಿ ಕಳವು.

28, ಮಂಗಳವಾರ. ಬೆಳಗ್ಗೆ ಏಳೂವರೆಯ ಬಸ್ಸು ಮಾಚೇನಹಳ್ಳಿ ದಾಟಿ ಎಂಟೂಕಾಲಿಗೆ ಭದ್ರಾವತಿಗೆ ಬಂತು. ಕಾರ್ಮಿಕರ ಮನೆಗಳ ಸಾಲಿನಲ್ಲಿ ಕೊಳಾಯಿ ಮುಂದೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಜಗಳ ನಡೆದಿತ್ತು. ಖಾಕಿ ಕಂಡು ಮೂರೂ ಒಟ್ಟಿಗೆ ನಿಂತವು.

ಚೌಡಪ್ಪನಿಗೆ ಎರಡನೇ ಪಾಳಿ, ಮನೆಯಲ್ಲೇ ಇದ್ದ. ನಲವತ್ತೆಂಟರ ಬಡಕಲು ಮನುಷ್ಯ, ಬೆರಳ ಸಂದಿಯಲ್ಲಿ ಬಿಳಿ ಬಣ್ಣ. ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ಎದುರು ಗೋಡೆಯ ಮೇಲೆ ಪಟ ಇತ್ತು.

ಗಾಜಿಲ್ಲದೆ, ಹೊಗೆಯಿಲ್ಲದೆ, ಬೆಳಗಿನ ಬಿಸಿಲಿಗೆ ಇಟ್ಟಿದ್ದ. ಮಾರಪ್ಪನ ಕೈ ತಾನಾಗಿ ಮುಗಿಯಿತು. ಶಿವಯೋಗಪ್ಪ ಹತ್ತಿರ ಹೋಗಿ ಆರತಿ ಹಿಡಿದವಳನ್ನು ನೋಡಿದರು. ಕಪ್ಪು ಬಿಳುಪಿನ ಫೋಟೋದಲ್ಲಿ ಇಲ್ಲದ್ದೊಂದು ಇಲ್ಲಿತ್ತು: ಕೆನ್ನೆಯ ಮೇಲೆ ದೀಪದ ಕೆಂಪು. ಅವಳು ನೇರ ಅವರನ್ನೇ ನೋಡುತ್ತಿದ್ದಳು. ತನಿಖೆಗೆ ಬಂದಿರುವುದು ಮರೆತು ಅವರು ಹಾಗೇ ನಿಂತರು. ಎಷ್ಟು ಹೊತ್ತು ಎಂದು ಕೇಸ್ ಡೈರಿಯಲ್ಲಿ ಬರೆದಿಲ್ಲ.

"ಮಾರೋಕಾ?" ಎಂದು ಕೊನೆಗೆ ಕೇಳಿದರು.

"ಯಾರಿಗೆ ಮಾರ್ಲಿ ಸಾರ್? ನಮ್ಮವ್ವನ್ನ?"

"ಏನಂದೆ?"

"ಇದು ನಮ್ಮಪ್ಪ ರಂಗಪ್ಪ ಬರೆದ ಪಟ. ಆರತಿ ಹಿಡಿದಿರೋಳು ಚಿನ್ನಮ್ಮ, ನಮ್ಮವ್ವ. ನನ್ನ ಹೆತ್ತ ದಿನಾನೇ ಸತ್ಲು. ಅವಳದ್ದು ಒಂದು ಫೋಟೋ ಇಲ್ಲ. ಅವಳ ಮುಖ ಗಿರಿಜಾಕಲ್ಯಾಣದಲ್ಲಿ ಇಟ್ಟಿದೀನಿ ಅಂತ ಅಪ್ಪ ಸಾಯೋವಾಗ ಹೇಳ್ದ. ಯಾವ ಊರು, ಯಾವ ಮನೆ, ಹೇಳೋಕೆ ಉಸಿರು ಸಾಲ್ಲಿಲ್ಲ. ಇಪ್ಪತ್ತು ವರ್ಷ ಹುಡುಕಿದೀನಿ. ದಸರಾದಲ್ಲಿ ಅಷ್ಟಗಲ ಮುಖ ನೋಡ್ದೆ. ನನ್ನದೇ ಮೂಗು ಸಾರ್, ನನ್ನದೇ ಗದ್ದ."

"ಕೇಳಬಹುದಿತ್ತಲ್ಲ?"

"ಬಣ್ಣ ಬಳಿಯೋನಿಗೆ ದೇವರ ಮನೆ ಪಟ ಯಾರು ಕೊಡ್ತಾರೆ? ಅವರಿಗೂ ಲುಕ್ಸಾನು ಆಗಬಾರದು ಅಂತ ಒಂದು ವರ್ಷ ಕೂತು ಅಂಥದ್ದೇ ಬರೆದೆ. ಚಿನ್ನದ ರೇಕು ಸಮೇತ."

"ಅವಳ ಕಣ್ಣು ಯಾಕೆ ಬಿಟ್ಟೆ?"

ಚೌಡಪ್ಪ ತನ್ನ ಬಲಗೈ ನೋಡಿಕೊಂಡ. "ಮೂವತ್ತೊಂದು ಜನರ ಕಣ್ಣು ಬಿಡಿಸ್ದೆ. ಅವಳದಕ್ಕೆ ಕುಂಚ ಇಟ್ರೆ ಕೈ ಓಡ್ಲಿಲ್ಲ. ಅಪ್ಪ ಅವಳ ಕಣ್ಣು ಕಂಡಿದ್ದ, ಬರೆದ. ನಾನು ಕಂಡೇ ಇಲ್ಲ. ಉಳಿದಿದ್ದೆಲ್ಲ ನಕಲು ಮಾಡಬಹುದು ಸಾರ್, ಇದನ್ನ ಹೆಂಗೆ ಮಾಡ್ಲಿ?"

ಒಂಬತ್ತೂ ಹತ್ತಕ್ಕೆ ದಸ್ತಗಿರಿ. ಪಕ್ಕದ ಮನೆಯ ಇಬ್ಬರು ಪಂಚರ ಸಮಕ್ಷಮ ಪಟ ವಶ. ಮಾರಪ್ಪ ಬೇಡಿ ತಂದಿದ್ದ, ಚೀಲದಿಂದ ತೆಗೆಯಲಿಲ್ಲ. ಬಸ್ಸಿನಲ್ಲಿ ಪಟವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಶಿವಮೊಗ್ಗದವರೆಗೂ ಯಾರ ಮೊಣಕೈ ತಾಗದಂತೆ ಕಾಯ್ದ.

ಹನ್ನೊಂದೂವರೆಗೆ ಮಾಲು ಗುರುತಿಸಲು ವೀರಮ್ಮ ಮತ್ತು ಷಡಕ್ಷರಪ್ಪ ಠಾಣೆಗೆ ಬಂದರು. ವೀರಮ್ಮ ಪಟದ ಮುಂದೆ ನಿಂತು, "ಇದೇ," ಎಂದರು. ಅಷ್ಟೇ. ಷಡಕ್ಷರಪ್ಪ ಎರಡೂ ಪಟ ಪಕ್ಕಪಕ್ಕ ನೋಡಿದರು, ಭೂತಗನ್ನಡಿಯಲ್ಲೂ ನೋಡಿದರು. ಆಮೇಲೆ ಜೇಬಿನಿಂದ ದೇವರ ಮನೆ ಬೀಗದ ಕೈ ತೆಗೆದು, "ತಪ್ಪಾಯ್ತು ಅಮ್ಮ," ಎಂದು ತಾಯಿಯ ಕೈಗಿಟ್ಟರು. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯಾರು ಕದ್ದಿದ್ದು?" ಎಂದು ಕೇಳಿದರು ವೀರಮ್ಮ.

ಶಿವಯೋಗಪ್ಪ ಚೌಡಪ್ಪ ಕೂತಿದ್ದ ಬೆಂಚಿನ ಕಡೆ ತೋರಿಸಿ, ಯಾರ ಮಗ, ಯಾಕೆ ಕದ್ದ ಎಂದು ನಾಲ್ಕು ಮಾತಿನಲ್ಲಿ ಹೇಳಿದರು. ವೀರಮ್ಮ ಕೇಳುತ್ತ ಕೇಳುತ್ತ ಕುರ್ಚಿಯ ತೋಳು ಹಿಡಿದುಕೊಂಡರು.

"ಚಿನ್ನಿ ಮಗನಾ?"

ಚೌಡಪ್ಪ ತಲೆ ಎತ್ತಿದ.

"ನಾನು ಹದಿನಾಲ್ಕರಲ್ಲಿ ಮದುವೆಯಾಗಿ ಈ ಊರಿಗೆ ಬಂದೆ," ಎಂದರು ವೀರಮ್ಮ. "ಆ ವರ್ಷ ನಿಮ್ಮಪ್ಪ ನಮ್ಮ ಜಗಲೀಲಿ ಕೂತು ಪಟ ಬರೀತಿದ್ದ. ನಿಮ್ಮವ್ವ ಕಲ್ಲಿನ ಮೇಲೆ ಬಣ್ಣ ಅರೀತಿದ್ಲು. ಹೊಟ್ಟೇಲಿ ನೀನು. ಅತ್ತೆ ಮನೇಲಿ ನನ್ನ ಜೊತೆ ನಕ್ಕೋಳು ಅವಳೊಬ್ಬಳೇ. ಹೆರಿಗೆಗೆ ಅಂತ ಹೋದೋಳು ತಿರುಗಿ ಬರ್ಲಿಲ್ಲ. ನಲವತ್ತೆಂಟು ವರ್ಷದಿಂದ ದಿನಾ ಬೆಳಗ್ಗೆ ದೇವರಿಗೆ ಕೈ ಮುಗಿದ ಮೇಲೆ ಅವಳನ್ನೊಂದ್ಸಲ ನೋಡಿ ಏಳ್ತೀನಿ. ನಾಲ್ಕು ಭಾನುವಾರ ನಮ್ಮನೇಲಿ ಇದ್ದೆಯಲ್ಲೋ. ನನ್ನ ಒಂದು ಮಾತು ಕೇಳಬಾರದಿತ್ತಾ?"

ಚೌಡಪ್ಪ ಬೆಂಚಿನಿಂದ ಎದ್ದು ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತ. ಕಾನ್‌ಸ್ಟೇಬಲ್ ಒಬ್ಬ ತಡೆಯಲು ಬಂದ, ಶಿವಯೋಗಪ್ಪ ಬೇಡವೆಂದು ಕೈ ಮಾಡಿದರು. ಹನ್ನೆರಡಕ್ಕೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಎಂಬಲ್ಲಿ ಅವರು 'ತಾಯಿಯನ್ನು ನೋಡಲು' ಎಂದು ಬರೆದು, ಮುಂದೆ ಏನು ಸೇರಿಸಬೇಕೋ ತಿಳಿಯದೆ ಲೇಖನಿ ಮುಚ್ಚಿದರು.

"ಅವಳ ದನಿ ಹೆಂಗಿತ್ತು ಅಮ್ಮಾರೇ?" ಎಂದು ಕೇಳಿದ ಚೌಡಪ್ಪ.

"ಜೋರು ಕಣೋ. ಹೊಳೆ ಆಚೆ ಇರೋರ್ನ ಕರೀಬಹುದಿತ್ತು. ಬಣ್ಣ ಅರೀತಾ ಹಾಡೋಳು, ರಾಗ ಇಲ್ಲ ತಾಳ ಇಲ್ಲ. ನಿಮ್ಮಪ್ಪ ಕುಂಚ ಕೆಳಗಿಟ್ಟು, ಚಿತ್ರ ಅಲುಗ್ತಿದೆ ನಿಲ್ಸೇ ಮಾರಾಯ್ತಿ ಅನ್ನೋನು."

ಚೌಡಪ್ಪ ನಕ್ಕ. ಗಡಿಯಾರ ಹನ್ನೆರಡು ಹೊಡೆಯಿತು. ಮಾರಪ್ಪ ಕಾಗದಗಳನ್ನು ಎತ್ತಿಕೊಂಡು ಸಾಹೇಬರ ಮುಖ ನೋಡಿದ.

"ಇನ್ನೊಂದು ಸ್ವಲ್ಪ ಹೇಳಿ," ಎಂದ ಚೌಡಪ್ಪ.

ಶಿವಯೋಗಪ್ಪ ತಾವೇ ಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ನಿಂತರು.