ಹಳೆಯ ಕೈಕೋವಿಗೆ ಹೊಸ ಕಿಡಿ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಗವಿದುರ್ಗವೆಂಬ ರಾಜ್ಯವಿತ್ತು. ಅದರ ಸೇನೆಯಲ್ಲಿ ಒಂದು ಕೈಕೋವಿಯಿತ್ತು. ಏಳು ತಲೆಮಾರಿನ ದಳವಾಯಿಗಳು ಹಿಡಿದು ಹಿಡಿದು ಅದರ ಮರದ ಹಿಡಿಯಲ್ಲಿ ಬೆರಳಿನ ಗುಳಿ ಬಿದ್ದಿದ್ದವು. ಅದರ ಗುಂಡಿಗೆ ಮಾಯಾವಿಗಳೂ ಸಾಯುತ್ತಿದ್ದರು. ಆದರೆ ಹಾರಿಸಬೇಕಾದರೆ ಬತ್ತಿ ಹೊತ್ತಿಸಬೇಕಿತ್ತು.

ಅದನ್ನು ತಿಳಿದೇ ಕಾವಳನೆಂಬ ಮಾಯಾವಿ ಮಂಜಿನ ಕೋಣವಾಗಿ ಬಂದು ಕೋಟೆಯ ಮುಂದೆ ನಿಂತ.

"ಮೂರು ಬೆಳಗು, ಮೂರು ಕೂಗು! ಮೊದಲನೆಯದಕ್ಕೆ ನಿಮ್ಮ ದೀಪ ಆರುತ್ತದೆ. ಎರಡನೆಯದಕ್ಕೆ ಒಲೆ. ಮೂರನೆಯದಕ್ಕೆ ಉಸಿರು!" ಎಂದ.

ಆಗಿನ ದಳವಾಯಿ ಬಂಗಾರವ್ವ. ಅವಳ ತಮ್ಮ ಮೌನಪ್ಪ ಕಮ್ಮಾರ. ಅವಳು ಕೋವಿಯನ್ನು ಅವನ ಮುಂದಿಟ್ಟಳು.

"ಉರಿಯುವ ಬತ್ತಿಯನ್ನು ಅವನು ಊದಿ ಆರಿಸುತ್ತಾನೆ. ಕಲ್ಲಿನೊಳಗೆ ಮಲಗಿದ ಬೆಂಕಿ ಅವನ ಕಣ್ಣಿಗೆ ಬೀಳುವುದಿಲ್ಲ. ಚಕಮಕಿ ಕಲ್ಲು ಕೂರಿಸು, ತಮ್ಮಾ."

"ಹಿರಿಯರ ಆಯುಧ ಅಕ್ಕಾ. ಮುಟ್ಟಲು ಭಯವಾಗುತ್ತದೆ."

"ಚೆನ್ನಾಯ್ತು! ಕೋಣದ ಮುಂದೆ ನಿಲ್ಲುವವಳು ನಾನು, ಬೆವರುವವನು ನೀನು!"

ಮೌನಪ್ಪ ನಗಲಿಲ್ಲ. ಕೋವಿ ಹಾರದಿದ್ದರೆ ಮೊದಲು ಹೋಗುವುದು ಅಕ್ಕನ ಉಸಿರೇ. ಅವಸರದಲ್ಲಿ ಬತ್ತಿ ಹಿಡಿಯುವ ಹಳೆಯ ಕೊಕ್ಕೆಯನ್ನು ಕಿತ್ತು ಗುಜರಿ ರಾಶಿಗೆ ಎಸೆದ. ಹೊಸ ಉಕ್ಕಿನ ಕೊಕ್ಕು ಮಾಡಿ ಅದರ ಬಾಯಿಗೆ ಕಲ್ಲು ಕಚ್ಚಿಸಿದ. ಗುಂಡು ಹಾರಿಸುವ ಕುದುರೆ ಎಳೆದ. ಕಿಡಿ ಹಾರಿತು, ಮದ್ದು ಹೊತ್ತಲಿಲ್ಲ. ಅಷ್ಟರಲ್ಲಿ ಮೊದಲ ಕೂಗು. ಕಾಳಮ್ಮನ ಗುಡಿಯ ನಂದಾದೀಪವೂ ಆರಿತು.

ಎರಡನೆಯ ಬೆಳಗಿಗೆ, ಹಿಡಿಯೇ ಹಳತಾಗಿದೆಯೆಂದು ಬೀಟೆ ಮರದ ಹೊಸ ಹಿಡಿ ಹಾಕಿದ.

"ಯಾರದೋ ಕೈ ಹಿಡಿದ ಹಾಗಿದೆಯಲ್ಲೋ," ಎಂದಳು ಅಕ್ಕ. ಎಳೆದಳು. ಕಿಡಿ ಹಾರಿತು, ಮದ್ದು ಹೊತ್ತಲಿಲ್ಲ. ಎರಡನೆಯ ಕೂಗಿಗೆ ಊರ ಒಲೆಗಳೆಲ್ಲ ಆರಿ, ಅನ್ನ ಅರೆಬೆಂದು ಕುಳಿತಿತು. ಮೌನಪ್ಪನ ಕುಲುಮೆಯೂ ತಣ್ಣಗಾಯಿತು.

ಮೂರನೆಯ ಬೆಳಗಿಗೆ ಒಂದೇ ಗಳಿಗೆ ಉಳಿದಿತ್ತು. ಬಂಗಾರವ್ವ ಬರಿಯ ಕತ್ತಿ ಹಿಡಿದು ಕೋಟೆಯ ಬಾಗಿಲಿಗೆ ಹೋದಳು. ಮೌನಪ್ಪ ಕೋವಿಯನ್ನು ಮುಂದಿಟ್ಟುಕೊಂಡು ಕುಳಿತ.

"ತಾಯೀ ಕಾಳಮ್ಮಾ, ಎಲ್ಲಿ ತಪ್ಪಿದೆ?" ಎಂದು ಕೈ ಮುಗಿದ. ಮುಗಿದ ಕೈ ಹಾಗೇ ನಿಂತಿತು. ಹಳೆಯ ಆಯುಧವನ್ನು ಬಿಚ್ಚುವ ಮುನ್ನ ಕಣ್ಣಿಗೊತ್ತಿಕೊಂಡು ಅಪ್ಪಣೆ ಕೇಳಬೇಕು. ಕಿತ್ತ ಕಬ್ಬಿಣವನ್ನು ಎಸೆಯದೆ ಹೊಸ ಭಾಗಕ್ಕೇ ಸೇರಿಸಬೇಕು. ಅದು ಅವರ ಮನೆಯ ನೇಮ. ಗಾಬರಿಯಲ್ಲಿ ಎರಡನ್ನೂ ಮರೆತಿದ್ದ!

ಗುಜರಿ ಕೆದಕಿ ಕೊಕ್ಕೆ ಹುಡುಕಿದ. ಕೋವಿಯನ್ನು ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಅಜ್ಜಾ, ಅಪ್ಪಣೆ ಕೊಡು," ಎಂದ. ಕೋವಿ ಮುದುಕನಂತೆ ನಿಟ್ಟುಸಿರು ಬಿಟ್ಟಿತು. ಆದರೆ ಬೆಂಕಿ? ಚಕಮಕಿ ಕಲ್ಲನ್ನೇ ಉಜ್ಜಿ ಅರಳೆಗೆ ಕಿಡಿ ಹಿಡಿಸಿ, ಕುಲುಮೆ ಹೊತ್ತಿಸಿದ. ಹಳೆಯ ಕೊಕ್ಕೆಯನ್ನೇ ಕಾಯಿಸಿ ಬಡಿದು ಕಲ್ಲು ಕಚ್ಚುವ ಕೊಕ್ಕು ಮಾಡಿದ. ಗುಳಿ ಬಿದ್ದ ಹಿಡಿಯನ್ನೇ ಮತ್ತೆ ಕೂರಿಸಿ ಓಡಿದ.

ಕೋಣ ಕೂಗಲು ಕುತ್ತಿಗೆ ಎತ್ತಿತ್ತು.

"ಊಟ ಮುಗಿಸಿ ಬಂದೆಯೇನೋ ಮಾರಾಯ?" ಎಂದು ಬಂಗಾರವ್ವ ತಮ್ಮನ ಕೈಯಿಂದ ಕೋವಿ ಕಸಿದುಕೊಂಡಳು. ಬೆರಳುಗಳು ತಾವಾಗಿಯೇ ಗುಳಿಗಳಲ್ಲಿ ಕುಳಿತವು. ಎಳೆದಳು.

ಢಮ್ಮೆಂದಿತು! ಕಾವಳ ಒಂದು ಬೊಗಸೆ ಇಬ್ಬನಿಯಾಗಿ ಹುಲ್ಲಿನ ಮೇಲೆ ಬಿದ್ದ. ನಂದಾದೀಪ ತಾನಾಗಿ ಹೊತ್ತಿತು. ಒಲೆಗಳು ಹೊತ್ತಿದವು. ಅರೆಬೆಂದ ಅನ್ನ ಕುದಿಯಿತು.

ಅಂದು ಗವಿದುರ್ಗದವರು ಬಿಸಿ ಅನ್ನ ಉಂಡರು, ಆಮೇಲೂ ಸುಖವಾಗಿ ಉಣ್ಣುತ್ತಲೇ ಇದ್ದರು. ಈ ಕತೆ ಕೇಳಿದವರ ಒಲೆಯೂ ಆರದಿರಲಿ.