ತೇಜನನ್ನು ಯಾಕೆ ಕೊಂದೆ

ಮೊಬೈಲಿಗೆ ಬಂದ ಕೊನೆಯ ಸಾಲುಗಳನ್ನು ಓದಿ ಚನ್ನೇಶ ಕೂತಲ್ಲೇ ಕಲ್ಲಾದ.

‘ತೇಜ ತನ್ನ ನೆನಪುಗಳನ್ನೆಲ್ಲ ಅಳಿಸಿಕೊಳ್ಳುತ್ತಾನೆ. ಶರಣ ಬರುವಷ್ಟರಲ್ಲಿ ಅವನ ಕಣ್ಣಿನ ಬೆಳಕು ಆರಿರುತ್ತದೆ. ಮುಗಿಯಿತು.’

ಶಿಗ್ಗಾಂವಿಯ ಹೈವೇ ಬದಿಯ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆ ಬ್ಯಾನರು ಮಾಡುವುದು ಚನ್ನೇಶನ ಕೆಲಸ. ಬಿಡುವಾದಾಗ ಒಂದು ಕಾಮಿಕ್ ಬಿಡಿಸುತ್ತಿದ್ದ. ತೇಜ ಎಂಬ ಆಂಡ್ರಾಯ್ಡ್, ಥೇಟ್ ಮನುಷ್ಯನಂಥ ಯಂತ್ರ, ಶರಣ ಎಂಬ ಹುಡುಗ, ಅವರಿಬ್ಬರ ಪ್ರೀತಿ. ಚಿತ್ರ ಚನ್ನೇಶನದು, ಕಥೆ ಸವಣೂರಿನ ಅಂಬರೀಶನದು. ತಮ್ಮ ಹೆಸರು ಹಾಕದೆ ಇಂಟರ್ನೆಟ್ಟಿಗೆ ಬಿಡುತ್ತಿದ್ದರು.

ಇಬ್ಬರೂ ಮುಖ ನೋಡಿಕೊಂಡಿರಲಿಲ್ಲ. ಇದ್ದದ್ದು ಫೋನು ಮಾತ್ರ. ತೇಜನಿಂದ ಶುರುವಾದ ಮಾತು ಊಟಕ್ಕೆ, ಅವ್ವನ ಬೈಗುಳಕ್ಕೆ, ಆಮೇಲೆ ಸುಮ್ಮನೆ ಒಬ್ಬರ ಉಸಿರನ್ನೊಬ್ಬರು ಕೇಳುವುದಕ್ಕೆ ಬಂದು ನಿಂತಿತ್ತು. ವಿಡಿಯೋ ಕಾಲ್ ಅಂದರೆ ಅಂಬರೀಶ ನಕ್ಕು ಜಾರಿಕೊಳ್ಳುತ್ತಿದ್ದ.

ನಿನ್ನೆ ಚನ್ನೇಶ ಧೈರ್ಯ ಮಾಡಿ ಹೇಳಿಬಿಟ್ಟಿದ್ದ. “ಐತವಾರ ಸವಣೂರಿಗೆ ಬರ್ತೇನಿ. ನಿನ್ನ ಕೈ ಹಿಡಕೊಂಡು ಒಂದು ಮಾತು ಹೇಳೂದೈತಿ.”

ಅಂಬರೀಶ ಫೋನು ಇಟ್ಟುಬಿಟ್ಟ. ಇವತ್ತು ಬಂದದ್ದು ಕಥೆಯ ಈ ಕೊನೆ. ಫೋನು ಸ್ವಿಚ್ಡ್ ಆಫ್.

ಮಾಲೀಕ ಹೂವಪ್ಪನ ಹತ್ತಿರ ತನಗೆ ತಲೆನೋವೆಂದು ಸುಳ್ಳು ಹೇಳಿ ಸವಣೂರಿನ ಬಸ್ಸು ಹತ್ತಿದ. ಅಂಬರೀಶನದು ಕರಿದ ತಿಂಡಿ ಮಾರುವ ಖಾರದ ಅಂಗಡಿ ಎನ್ನುವುದಷ್ಟೇ ಗೊತ್ತು; ಸವಣೂರಿನಲ್ಲಿ ಖಾರದ ಅಂಗಡಿಗಳಿಗೇನು ಬರ? ಒಂದೊಂದರ ಮುಂದೆಯೂ ನಿಂತು ಕಿವಿಗೊಟ್ಟ. ಮಸೀದಿಯ ಹಿಂದಿನ ಓಣಿಯಲ್ಲಿ ಫೋನಿನ ಆ ದನಿ ಕೇಳಿಸಿತು.

“ಈಗ ಕರದದ್ರಿ ಅಕ್ಕಾರ, ಬಾಯಾಗ ಹಾಕ್ಕೊಂಡು ನೋಡ್ರಿ.”

ಚನ್ನೇಶ ತಿರುಗಿ ನೋಡಿದ. ಉದ್ದ ರೆಪ್ಪೆ, ಮೂಗಿನ ತುದಿಗೆ ಅಂಟಿದ ಕಡಲೆಹಿಟ್ಟು, ಅರ್ಧಕ್ಕೇ ನಿಲ್ಲುವ ನಗು. ಇಷ್ಟು ಚೆಂದ ಇದ್ದಾನೆಂದು ಅವನು ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಕಣ್ಣು ಅವನ ಬಲಗೈಗೆ ಇಳಿಯಿತು. ಮೊಣಕೈಯಿಂದ ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಕೃತಕ ಕೈ. ಅದು ಚೀಲವನ್ನು ಒತ್ತಿ ಹಿಡಿದಿತ್ತು. ಖಾರ ತುಂಬುತ್ತಿದ್ದದ್ದು ಎಡಗೈ.

ಗಿರಾಕಿ ಹೋದಳು. ಚನ್ನೇಶನ ಬಾಯಿಂದ ಒಂದೇ ಮಾತು ಹೊರಟಿತು.

“ತೇಜನ್ನ ಯಾಕ ಕೊಂದಿ?”

ಅಂಬರೀಶ ದನಿ ಗುರುತು ಹಿಡಿದ. ಬಲಗೈಯನ್ನು ಬೆನ್ನ ಹಿಂದೆ ಸರಿಸಿದ.

“ಐತವಾರ ಬರ್ತೇನಿ ಅಂದಿದ್ದಿ.”

“ಅದಕ್ಕ ಇವತ್ತs ಮುಗಿಸಿದಿ?”

“ಕಾಲೇಜ್ ಓದೂಮುಂದ ಶೇಂಗಾ ಮಷೀನ್ಯಾಗ ಹೋತು ಈ ಕೈ. ನೀ ಕೈ ಹಿಡೀತೇನಿ ಅಂದಿ. ನನಗ ಏನು ಹೇಳಬೇಕು ತಿಳೀಲಿಲ್ಲ.”

ಬಿಸಿ ಲೋಟ ಹಿಡಿದರೂ ಬಿಸಿ ತಿಳಿಯದ ತೇಜ, ಮಲಗಿದ ಶರಣನ ಹಣೆಯನ್ನು ಯಾವಾಗಲೂ ಎಡಗೈಯಿಂದಲೇ ಸವರುವ ತೇಜ. ಆ ಸಾಲುಗಳನ್ನು ಓದಿ ಎಂಥ ಕಲ್ಪನೆ ಅಂತ ಬೆರಗಾಗಿದ್ದ ಚನ್ನೇಶ. ಅದು ಕಲ್ಪನೆಯಾಗಿರಲೇ ಇಲ್ಲ.

“ನಾ ತೇಜ ಅಂದ್ರ ನಾನs ಅನ್ಕೊಂಡು ಬಿಡಸಾಕತ್ತಿದ್ದೆ,” ಎಂದ ಚನ್ನೇಶ. “ಮನ್ಯಾಗ, ಅಂಗಡ್ಯಾಗ, ಮಂದಿ ಹೇಳಿದಂಗ ನಗೋ ಯಂತ್ರ ನಾನs. ನಿನ್ನ ಕೂಡ ಮಾತಾಡೂಮುಂದ ಅಷ್ಟs ಮನುಷ್ಯಾ ಆಗ್ತಿದ್ದೆ. ಅದನ್ನ ಹೇಳಾಕ ಬರಾವಿದ್ದೆ.”

ಅಂಬರೀಶ ನೆಲ ನೋಡಿದ. “ಈಗ ನೋಡಿದ್ಯಲ್ಲ. ಸಿಟ್ಟು ಬಂತೇನು?”

“ಬಂತು. ಕೈ ನೋಡಿ ಅಲ್ಲ. ನಾ ಓಡಿಹೋಗ್ತೇನಿ ಅಂತ ನೀನs ತೀರ್ಮಾನ ಮಾಡಿದ್ಯಲ್ಲ, ಅದಕ್ಕ.”

ಚನ್ನೇಶ ಕೌಂಟರ್ ದಾಟಿ ಆ ಕಪ್ಪು ಕೈಯನ್ನು ಮೆಲ್ಲಗೆ ಮುಂದಕ್ಕೆ ತಂದು ಹಿಡಿದ.

“ಅದರಾಗ ನನಗ ಮುಟ್ಟಿದ್ದು ತಿಳಿಯೂದಿಲ್ಲ,” ಎಂದ ಅಂಬರೀಶ. ರೆಪ್ಪೆ ಒದ್ದೆಯಾಗಿತ್ತು. “ಈ ಕೈ ಹಿಡಿ.”

ಎಡಗೈ ಚಾಚಿದ. ಎಣ್ಣೆ, ಖಾರದಪುಡಿ. ಬೆರಳುಗಳು ಹೆಣೆದುಕೊಂಡವು. ಅಂಬರೀಶ ಕಣ್ಣೆತ್ತಿ ಅವನನ್ನು ನೋಡಿದ, ನಾಚಿ ಕಣ್ಣು ತಗ್ಗಿಸಿದ, ಮತ್ತೆ ನೋಡಿದ.

“ಯಾರವ್ರು?”

ಇಬ್ಬರೂ ಬೆಚ್ಚಿಬಿದ್ದರು. ಒಳಬಾಗಿಲಲ್ಲಿ ಅಂಬರೀಶನ ಅಪ್ಪ ಚನ್ನವೀರಪ್ಪ, ಕೈಯಲ್ಲಿ ಕರಿಯುವ ಜಾಲರಿ ಸೌಟು ಹಿಡಿದು ನಿಂತಿದ್ದ. ಚನ್ನೇಶ ಕೈ ಬಿಡಿಸಿಕೊಳ್ಳಲು ನೋಡಿದ. ಅಂಬರೀಶ ಬಿಡಲಿಲ್ಲ.

“ನನ್ನವ, ಅಪ್ಪಾ.”

ಹೇಳಿದ ಮೇಲೆ ತಾನೇ ದಂಗಾದ. ಹೆಣೆದ ಬೆರಳುಗಳನ್ನು ಅಪ್ಪ ಬಹಳ ಹೊತ್ತು ನೋಡಿದ. ಮುದುಕ ಸೌಟನ್ನು ಕೌಂಟರಿನ ಮೇಲಿಟ್ಟ.

“ಬಜಾರಕ್ಕ ಕಾಣೂ ಹಂಗ ಯಾಕ ನಿಂತೀರಿ,” ಎಂದ ಕೊನೆಗೆ, ದನಿ ಸ್ವಲ್ಪ ಒಡೆದಿತ್ತು. “ಒಳಗ ಕರಕೊಂಡು ಬಾ ಅವನ್ನ.”

ಅಂಬರೀಶ ಹೆಣೆದ ಬೆರಳು ಬಿಡದೆ ಚನ್ನೇಶನನ್ನು ಎಳೆದುಕೊಂಡು ಒಳಗೆ ನಡೆದ.